ಹೊಲದಿಲಿಗಳ ಮೆಲುದನಿ

ಮೃದುವಾದದ್ದೆಲ್ಲವೂ ದುರ್ಬಲವಾದದ್ದೆಂಬ ತೀರ್ಮಾನ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ನೆಲೆಸಿದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂದು ಮನೆಮನೆಯ ಪುಸ್ತಕವಾಯಿತು. ಮುಂದಿನ ದಶಕದಲ್ಲಿ ನವ್ಯಕಾವ್ಯದ ಗಾಳಿ ಬೀಸಿದಾಗ, ಗಂಡಹೆಂಡಿರ ಒಲವನ್ನು ಹಾಡಿದ ಆ ಕವಿತೆಗಳಿಗೆ ಕಾಲದ ಬಿಸಿ ತಾಗಿಲ್ಲವೆಂಬ ಮಾತು ಹುಟ್ಟಿತು. ಗಟ್ಟಿಯಾಗಿ ಹೇಳಿದ್ದು ಸತ್ಯ, ಮೆಲ್ಲಗೆ ಹೇಳಿದ್ದು ಬರಿಯ ಸವಿಮಾತು ಎಂಬ ಈ ಅಳತೆಗೋಲು ಎಷ್ಟರಮಟ್ಟಿಗೆ ಸರಿ? ಇದನ್ನು ವಿಚಾರಿಸುವುದಕ್ಕಾಗಿ ಇಲ್ಲಿ ಒಂದು ದೂರದ ಉದಾಹರಣೆಯನ್ನು ತೆಗೆದುಕೊಂಡಿದ್ದೇನೆ. ಅದು ಕಾವ್ಯದ್ದಲ್ಲ, ಹಾಡಿನದು, ಕನ್ನಡದ್ದಲ್ಲ, ಇಂಗ್ಲೆಂಡಿನದು. ನಾನು ಆ ಹಾಡುಗಾರರ ಅಭಿಮಾನಿ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಅಭಿಮಾನಿಯ ಮಾತನ್ನು ಎಷ್ಟು ನಂಬಬೇಕೋ ಅಷ್ಟನ್ನೇ ಓದುಗರು ನಂಬಲಿ.

ಲಂಡನ್ ನಗರದ ದಕ್ಷಿಣಕ್ಕೆ ಮಿಚಮ್ ಎಂಬ ಬಡಾವಣೆಯಿದೆ. ಅಲ್ಲಿಯ ಇಬ್ಬರು ತರುಣರು, ರಾಬರ್ಟ್ ರ‍್ಯಾಟನ್ ಮತ್ತು ಮೈಕೆಲ್ ಹಿಸ್ಕಾಕ್, 1980ರ ದಶಕದ ಕೊನೆಯಲ್ಲಿ ಒಂದು ತಂಡವನ್ನು ಕಟ್ಟಿದರು. ಒಬ್ಬ ಹಾಡಿ ಗಿಟಾರ್ ನುಡಿಸುವವನು. ಇನ್ನೊಬ್ಬ ಮಂದ್ರಸ್ವರದ ಬೇಸ್ ಗಿಟಾರ್ ನುಡಿಸುವವನು. ತಾಳಕ್ಕೆ ಮನುಷ್ಯರಿರಲಿಲ್ಲ, ಒಂದು ಯಂತ್ರವಿತ್ತು. ತಂಡಕ್ಕೆ ಅವರಿಟ್ಟುಕೊಂಡ ಹೆಸರು ‘ದಿ ಫೀಲ್ಡ್ ಮೈಸ್’, ಎಂದರೆ ಹೊಲದ ಇಲಿಗಳು. ಹುಲಿ ಸಿಂಹಗಳ ಹೆಸರನ್ನು ಬಿಟ್ಟು ಇಲಿಯ ಹೆಸರನ್ನು ಆರಿಸಿಕೊಂಡವರ ಮನೋಧರ್ಮ ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1988ರ ನವೆಂಬರಿನಲ್ಲಿ ಅವರ ಮೊದಲ ತಟ್ಟೆ ಹೊರಬಂತು. 1991ರ ನವೆಂಬರಿನಲ್ಲಿ ತಂಡ ಒಡೆಯಿತು. ಮೂರೇ ವರ್ಷದ ಬಾಳು. ಆ ಮೂರು ವರ್ಷದ ಹಾಡುಗಳನ್ನು ಇಂದಿಗೂ ಹುಡುಕಿ ಕೇಳುವವರಿದ್ದಾರೆ. ಕೋಲಾರದಲ್ಲಿ ಕುಳಿತು ಇದನ್ನು ಬರೆಯುತ್ತಿರುವವನೂ ಅವರಲ್ಲೊಬ್ಬ.

ಇಂಥ ಹಾಡಿಗೆ ‘ಇಂಡಿ ಪಾಪ್’ ಎಂದು ಹೆಸರು. ‘ಇಂಡಿ’ ಎಂದರೆ ಸ್ವತಂತ್ರವಾದದ್ದು. ಧ್ವನಿಮುದ್ರಣದ ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸಣ್ಣ ಬಂಡವಾಳದಲ್ಲಿ, ಮನೆಯ ಕೋಣೆಯನ್ನೇ ಕಚೇರಿ ಮಾಡಿಕೊಂಡವರು ಹೊರತರುತ್ತಿದ್ದ ಹಾಡು ಅದು. ನಮ್ಮ ಸಾಹಿತ್ಯದ ಕಿರುಪತ್ರಿಕೆಗಳನ್ನು ನೆನೆದುಕೊಂಡರೆ ಅದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಹೊಲದಿಲಿಗಳ ತಟ್ಟೆಗಳನ್ನು ಪ್ರಕಟಿಸಿದ ಸಂಸ್ಥೆ ಬ್ರಿಸ್ಟಲ್ ಊರಿನ ‘ಸಾರಾ ರೆಕಾರ್ಡ್ಸ್’. ಕ್ಲೇರ್ ವ್ಯಾಡ್ ಎಂಬ ತರುಣಿಯೂ ಮ್ಯಾಟ್ ಹೇನ್ಸ್ ಎಂಬ ತರುಣನೂ ಕೂಡಿ 1987ರಲ್ಲಿ ಅದನ್ನು ಆರಂಭಿಸಿದರು. ಕಡಿಮೆ ಬೆಲೆಯ ಏಳಂಗುಲದ ಪುಟ್ಟ ತಟ್ಟೆಯೇ ಅವರಿಗೆ ಪ್ರಿಯ. ಒಂದೇ ಹಾಡನ್ನು ನಾಲ್ಕು ಬಗೆಯ ಹೊದಿಕೆಯಲ್ಲಿ ಸುತ್ತಿ ಅಭಿಮಾನಿಯಿಂದ ನಾಲ್ಕು ಸಲ ಹಣ ಕೀಳುವ ವ್ಯಾಪಾರವನ್ನು ಅವರು ಬಹಿರಂಗವಾಗಿ ಖಂಡಿಸಿದರು. ಹೆಣ್ಣಿನ ಚಿತ್ರವನ್ನು ಮುಂದಿಟ್ಟು ಸರಕು ಮಾರುವ ಪದ್ಧತಿಯನ್ನೂ ಒಪ್ಪಲಿಲ್ಲ. ಹಾಡು ಮೆಲ್ಲಗಿದ್ದರೂ ಹಾಡಿಸಿದವರ ಹಟ ಮೆಲ್ಲಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಆ ಸಂಸ್ಥೆಯ ಇನ್ನೊಂದು ಗುಣ ನನಗೆ ವಿಶೇಷವಾಗಿ ಮೆಚ್ಚಿಗೆಯಾದದ್ದು. ಅವರು ತಮ್ಮ ಸಂಕಲನಗಳಿಗೆ ತಮ್ಮ ಊರಿನ ಸುತ್ತಮುತ್ತಲ ಸ್ಥಳಗಳ ಹೆಸರನ್ನೇ ಇಟ್ಟರು. ‘ಟೆಂಪಲ್ ಕ್ಲೌಡ್’, ‘ಏರ್ ಬಲೂನ್ ರೋಡ್’, ‘ಎಂಜಿನ್ ಕಾಮನ್’ ಇವೆಲ್ಲ ಬ್ರಿಸ್ಟಲಿನ ಕಡೆಯ ಹಳ್ಳಿ, ಬೀದಿ, ಬಯಲುಗಳು. ಲಂಡನ್ನಿನ ಪತ್ರಿಕೆಗಳಿಗೆ ಅವು ಗೊತ್ತಿಲ್ಲದ ಹೆಸರುಗಳು. ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಲಿ ಎಂಬುದು ಪ್ರಕಾಶಕರ ಭಾವ. ನಮ್ಮ ಜಿಲ್ಲೆಯ ತರುಣರು ಇಂಥ ಕೆಲಸಕ್ಕೆ ಕೈಹಾಕಿದರೆ ಅಂತರಗಂಗೆ, ಟೇಕಲ್, ಕುರುಡುಮಲೆ, ಯಲ್ದೂರು ಎಂದು ಹೆಸರಿಟ್ಟಾರೆ? ಬೆಂಗಳೂರಿನ ನೆರಳಿನಲ್ಲಿರುವ ಊರುಗಳವರು ತಮ್ಮ ಊರಿನ ಹೆಸರನ್ನು ನುಂಗಿಕೊಂಡು ಮಾತಾಡುವುದು ವಾಡಿಕೆ. ಚಿಕ್ಕ ಊರಿನ ಹೆಸರನ್ನು ನಾಚಿಕೆಯಿಲ್ಲದೆ ಹೇಳುವುದಕ್ಕೂ, ಚಿಕ್ಕ ಭಾವವನ್ನು ನಾಚಿಕೆಯಿಲ್ಲದೆ ಹಾಡುವುದಕ್ಕೂ ಬೇಕಾದ ಧೈರ್ಯ ಒಂದೇ ಜಾತಿಯದೆಂದು ನನಗೆ ತೋರುತ್ತದೆ.

ಇನ್ನು ಹಾಡುಗಳ ವಿಚಾರ. ಮೊದಲ ತಟ್ಟೆಯ ಹಾಡು ‘ಎಮ್ಮಾಸ್ ಹೌಸ್’, ಎಮ್ಮಳ ಮನೆ. ಎಮ್ಮ ಅಲ್ಲಿಲ್ಲ, ಮನೆ ಬರಿದಾಗಿದೆ. ಹೋದವಳ ಹೆಸರು ಮಾತ್ರ ಮನೆಗೆ ಅಂಟಿಕೊಂಡಿದೆ, ಏಕೆ ಎಂಬ ಅಚ್ಚರಿಯೇ ಹಾಡಿನ ವಸ್ತು. ನಮ್ಮ ಹಳ್ಳಿಗಳಲ್ಲಿ ಶಾನುಭೋಗಿಕೆ ಹೋಗಿ ಎಷ್ಟೋ ಕಾಲವಾದರೂ ‘ಶಾನುಭೋಗರ ಮನೆ’ ಶಾನುಭೋಗರ ಮನೆಯಾಗಿಯೇ ಉಳಿದಿರುವುದನ್ನು ಕಂಡವರಿಗೆ ಈ ಅಚ್ಚರಿ ಹೊಸದಲ್ಲ. ಆದರೆ ಅದನ್ನು ಒಂದು ಹಾಡಿಗೆ ಸಾಕಾಗುವ ವಿಷಯವೆಂದು ಎಣಿಸುವುದಕ್ಕೆ ಒಂದು ಬಗೆಯ ಕಣ್ಣು ಬೇಕು. ಇಲ್ಲಿ ಅಳುವಿಲ್ಲ, ಆಕ್ರೋಶವಿಲ್ಲ. ಗಿಟಾರಿನ ತಂತಿಗಳು ಮಳೆ ನಿಂತ ಮೇಲಿನ ಸೂರಿನ ಹನಿಗಳಂತೆ ಒಂದೊಂದಾಗಿ ಬೀಳುತ್ತವೆ. ಯಂತ್ರದ ತಾಳ ಗಡಿಯಾರದಂತೆ ನಿರ್ವಿಕಾರವಾಗಿ ನಡೆಯುತ್ತದೆ. ಹಾಡುವವನ ದುಃಖಕ್ಕೂ ಆ ತಾಳದ ನಿರ್ವಿಕಾರಕ್ಕೂ ಇರುವ ಅಂತರದಲ್ಲಿಯೇ ಹಾಡಿನ ಸ್ವಾರಸ್ಯವಿದೆ.

ಎರಡನೆಯ ತಟ್ಟೆ, 1989ರ ಆರಂಭದಲ್ಲಿ ಬಂದ ‘ಸೆನ್ಸಿಟಿವ್’. ಸೂಕ್ಷ್ಮ ಮನಸ್ಸಿನವನು ಎಂಬುದು ಮೆಚ್ಚಿಗೆಯ ಮಾತಾಗಿರಬಹುದು. ಗಂಡಸರ ಗುಂಪಿನಲ್ಲಿ ಅದು ಹೆಚ್ಚಾಗಿ ಹಾಸ್ಯದ ಮಾತು. ಈ ಹಾಡು ಆ ಹಾಸ್ಯವನ್ನು ಕೈನೀಡಿ ತೆಗೆದುಕೊಳ್ಳುತ್ತದೆ. ಚೆಲುವನ್ನು ಕಂಡು ಕರಗುವ ಮನಸ್ಸು ನೋವನ್ನೂ ಉಣ್ಣಲೇಬೇಕು. ಎರಡಕ್ಕೂ ಬಾಗಿಲು ಒಂದೇ. ಬಾಗಿಲನ್ನು ಮುಚ್ಚಿಕೊಂಡವನಿಗೆ ನೋವಿಲ್ಲ, ಚೆಲುವೂ ಇಲ್ಲ. ಇದು ಹಾಡಿನ ತಾತ್ಪರ್ಯ. ಇಷ್ಟೇ ಆಗಿದ್ದರೆ ಒಂದು ಒಳ್ಳೆಯ ನೀತಿಮಾತಾಗಿ ಮುಗಿಯುತ್ತಿತ್ತು. ಆದರೆ ಮಾತು ಮುಗಿದ ಮೇಲೆ ಗಿಟಾರುಗಳು ಉಳಿಯುತ್ತವೆ. ಅವು ಒಂದರ ಮೇಲೊಂದು ಏರಿ, ಸ್ವರದ ಅಂಚು ದಾಟಿ, ಬಿರುಮಳೆಯಂತೆ ಸುರಿಯುತ್ತವೆ. ಮೆಲ್ಲಗೆ ಹೇಳಿದ ಮಾತಿನ ಒಳಗೆ ಎಷ್ಟು ಬಿರುಸು ಅಡಗಿತ್ತೆಂಬುದು ಆಗ ತಿಳಿಯುತ್ತದೆ. ಮೃದುತ್ವವೆಂದರೆ ಶಕ್ತಿಯಿಲ್ಲದಿರುವುದಲ್ಲ, ಇರುವ ಶಕ್ತಿಯನ್ನು ಹಿಡಿದುಕೊಂಡಿರುವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಪಾಪ್ ಹಾಡಿನಲ್ಲಿ ಕೇಳಿಲ್ಲ.

ಈ ತಂಡದ ಮೇಲೆ ಅಂದಿನ ಇಂಗ್ಲೆಂಡಿನ ಸಂಗೀತ ವಾರಪತ್ರಿಕೆಗಳಲ್ಲಿ ಬಂದ ಆಕ್ಷೇಪಗಳು ಮುಖ್ಯವಾಗಿ ಎರಡು. ಕಂಠ ಬಲಹೀನ ಎಂಬುದೊಂದು. ಭಾವ ಎಳಸು ಎಂಬುದಿನ್ನೊಂದು. ಮೊದಲನೆಯದರಲ್ಲಿ ನಿಜವಿಲ್ಲದಿಲ್ಲ. ರ‍್ಯಾಟನ್ನನ ಕಂಠಕ್ಕೆ ಹರವು ಕಡಿಮೆ. ತಾರಸ್ಥಾಯಿಯ ಕಡೆಗೆ ಅದು ಹೋಗುವುದೇ ಇಲ್ಲ. ಕೆಲವೆಡೆ ಪಕ್ಕದ ಕೋಣೆಯಲ್ಲಿ ಮಲಗಿರುವವರಿಗೆ ಎಚ್ಚರವಾದೀತೆಂದು ಅಂಜಿ ಹಾಡಿದಂತಿರುತ್ತದೆ. ಆದರೆ ಹಾಡಿಗೆ ಬೇಕಾದ ಕಂಠ ಯಾವುದು? ಕೈವಾರದ ತಾತಯ್ಯನವರ ತತ್ವಪದಗಳನ್ನು ನಮ್ಮ ಹಳ್ಳಿಗಳ ಭಜನೆಯಲ್ಲಿ ಹಾಡುವವರೆಲ್ಲ ಗುರುಮುಖದಿಂದ ಸಂಗೀತ ಕಲಿತವರೆ? ಅಲ್ಲಿ ಕಂಠದ ಸಾಧನೆಗಿಂತ ಪದದ ಮೇಲಿನ ನಂಬಿಕೆ ಮುಖ್ಯ. ಕಲಿತ ಕಂಠವೊಂದು ಅದೇ ಪದವನ್ನು ಸಭೆಯಲ್ಲಿ ಹಾಡಿದಾಗ ನಾವು ತಲೆದೂಗುತ್ತೇವೆ. ಭಜನೆಯಲ್ಲಿ ಕೇಳಿದಾಗ ಸುಮ್ಮನಾಗುತ್ತೇವೆ. ಹೊಲದಿಲಿಗಳ ಹಾಡು ಎರಡನೆಯ ಬಗೆಯದು.

ಭಾವ ಎಳಸು ಎಂಬ ಎರಡನೆಯ ಆಕ್ಷೇಪಕ್ಕೆ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನು ನೆನೆಯುವುದು ಉಚಿತ. ಮಾಸ್ತಿಯವರ ಕಥೆಗಳಲ್ಲಿ ಏನೂ ನಡೆಯುವುದಿಲ್ಲವೆಂದು ದೂರುವ ಓದುಗರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಸಂಗೀತಗಾರನೊಬ್ಬನ ಬಾಳನ್ನು ಕುರಿತ ‘ಸುಬ್ಬಣ್ಣ’ವನ್ನೇ ನೋಡಿ. ಸಾವುನೋವುಗಳು ಅಲ್ಲಿ ಬೇಕಾದಷ್ಟಿವೆ. ಅವನ್ನು ಹೇಳುವ ದನಿ ಮಾತ್ರ ಏರುವುದಿಲ್ಲ. ಏರದ ದನಿಯನ್ನು ಓದುಗನು ಅನುಭವದ ಕೊರತೆಯೆಂದು ತಿಳಿದರೆ ನಷ್ಟ ಓದುಗನದು. ರ‍್ಯಾಟನ್ ಮಾಸ್ತಿಯಂಥ ಕಲಾವಿದನೆಂದು ನಾನು ಹೇಳುತ್ತಿಲ್ಲ. ಅಂಥ ಹೋಲಿಕೆ ಇಬ್ಬರಿಗೂ ನ್ಯಾಯವಲ್ಲ. ಹೇಳುವ ರೀತಿಯಲ್ಲಿರುವ ಒಂದು ಸಾಮ್ಯವನ್ನು ಮಾತ್ರ ತೋರಿಸುತ್ತಿದ್ದೇನೆ. ಇಬ್ಬರೂ ನಿತ್ಯಜೀವನದ ಮಾತಿನಲ್ಲಿಯೇ ಹೇಳುತ್ತಾರೆ. ಅಲಂಕಾರದ ನೆರವನ್ನು ಬಯಸುವುದಿಲ್ಲ. ಕೇಳುವವನು ಹತ್ತಿರದಲ್ಲಿದ್ದಾನೆಂದು ನಂಬಿ ಮಾತಾಡುತ್ತಾರೆ.

ಹತ್ತಿರ ಎಂಬ ಮಾತು ಬಂದುದರಿಂದ ಒಂದು ಸ್ವಂತ ಅನುಭವವನ್ನು ಹೇಳುತ್ತೇನೆ. ಈ ಹಾಡುಗಳನ್ನು ನಾನು ಹೆಚ್ಚಾಗಿ ಕೇಳಿರುವುದು ಬಂಗಾರಪೇಟೆಯಿಂದ ಟೇಕಲ್, ಮಾಲೂರುಗಳ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ. ಕಾಲಿಡಲು ಸ್ಥಳವಿಲ್ಲದ ಡಬ್ಬಿ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಭಾಷೆಗಳ ಮಾತು. ಹೂವಿನ ಬುಟ್ಟಿ, ಊಟದ ಡಬ್ಬಿ, ಕಚೇರಿಯ ಚೀಲ. ಅಷ್ಟು ಗದ್ದಲದ ನಡುವೆ ಕಿವಿಯೊಳಗೆ ಒಬ್ಬನೇ ಒಬ್ಬ ಮೆಲ್ಲಗೆ ಹಾಡುತ್ತಿರುವಾಗ ಗದ್ದಲ ದೂರವಾಗುತ್ತದೆಂದು ಹೇಳಲಾರೆ; ಗದ್ದಲದಲ್ಲಿರುವ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಕಾಣತೊಡಗುತ್ತಾರೆ. ದೊಡ್ಡ ದನಿಯ ಹಾಡು ಜನರನ್ನು ಒಂದು ಸಮೂಹವನ್ನಾಗಿ ಮಾಡುತ್ತದೆ. ಸಣ್ಣ ದನಿಯ ಹಾಡು ಸಮೂಹದಲ್ಲಿರುವ ಒಬ್ಬನನ್ನು ತೋರಿಸುತ್ತದೆ. ಎರಡೂ ಬೇಕು. ಎರಡನೆಯದು ನಮಗೆ ಸಿಗುವುದು ಕಡಿಮೆ.

ಇವರು ಮೃದುವಾಗಿ ಹಾಡಿದರೆಂದರೆ ಅಂಜಿ ಹಾಡಿದರೆಂದು ಅರ್ಥವಲ್ಲ. 1989ರಲ್ಲಿ ಬಂದ ‘ಸ್ನೋಬಾಲ್’ ಎಂಬ ಹತ್ತಂಗುಲದ ತಟ್ಟೆಯಲ್ಲಿ, ಲೋಕ ತಪ್ಪೆನ್ನುವ ಪ್ರೇಮವೊಂದನ್ನು ತಪ್ಪಲ್ಲವೆಂದು ನೇರವಾಗಿ ಹೇಳುವ ಹಾಡಿದೆ. ಸಲಿಂಗಪ್ರೇಮವನ್ನು ಶಾಲೆಗಳಲ್ಲಿ ಒಪ್ಪುವಂತೆ ಬೋಧಿಸಕೂಡದೆಂದು ಸ್ಥಳೀಯ ಸಂಸ್ಥೆಗಳನ್ನು ನಿರ್ಬಂಧಿಸುವ ಕಾಯಿದೆ ಇಂಗ್ಲೆಂಡಿನಲ್ಲಿ 1988ರಲ್ಲಷ್ಟೇ ಜಾರಿಗೆ ಬಂದಿತ್ತು. ಆ ಕಾಲದಲ್ಲಿ ಈ ಮಾತನ್ನು ಘೋಷಣೆಯಾಗಿ ಕೂಗಿದವರು ಇದ್ದರು. ಹೊಲದಿಲಿಗಳು ಅದನ್ನು ಎಲ್ಲ ಪ್ರೇಮಗೀತೆಗಳ ಸಾಲಿನಲ್ಲಿ ಇನ್ನೊಂದು ಪ್ರೇಮಗೀತೆಯಾಗಿ ಹಾಡಿದರು. ಉಳಿದವುಗಳ ಪಕ್ಕದಲ್ಲಿ ಅದನ್ನು ಇರಿಸಿದ್ದೇ ಅವರ ವಾದ.

ಮೃದುತ್ವದ ಮೇಲೆಯೇ ಕುಳಿತು ಬಾಳಿದವರೂ ಅವರಲ್ಲ. 1990ರ ಹೊತ್ತಿಗೆ ಹಾರ್ವಿ ವಿಲಿಯಮ್ಸ್, ಆನ್‌ಮರಿ ಡೇವಿಸ್, ಮಾರ್ಕ್ ಡಾಬ್ಸನ್ ಸೇರಿ ತಂಡ ಐವರದಾಯಿತು. ‘ಸ್ಕೈರೈಟಿಂಗ್’ ಎಂಬ ತಟ್ಟೆಯ ‘ಟ್ರಯಾಂಗಲ್’, 1991ರ ‘ಮಿಸ್ಸಿಂಗ್ ದ ಮೂನ್’ ಇವುಗಳಲ್ಲಿ ಕುಣಿತದ ಮನೆಗಳ ಯಂತ್ರಸಂಗೀತವನ್ನು ಒಳಕ್ಕೆ ಕರೆದುಕೊಂಡರು. ಎರಡನೆಯದರಲ್ಲಿ ಡೇವಿಸಳ ಕಂಠ, ಬೆಳಕಿನ ಯಂತ್ರಗಳ ನಡುವೆ ದಾರಿ ತಪ್ಪಿದ ಬೆಳದಿಂಗಳಿನಂತೆ ಬರುತ್ತದೆ. ಕುಣಿಯುತ್ತಿರುವಾಗಲೂ ಒಂಟಿಯಾಗಿರಬಹುದೆಂಬುದನ್ನು ಆ ಹಾಡು ತಿಳಿಸುವಂತೆ ಇನ್ನೊಂದು ತಿಳಿಸದು. ‘ಮೈಸೂರ ಮಲ್ಲಿಗೆ’ಯ ಕವಿ 1958ರಲ್ಲಿ ‘ಶಿಲಾಲತೆ’ಯನ್ನು ಪ್ರಕಟಿಸಿ, ತನ್ನನ್ನು ಮಲ್ಲಿಗೆಗೆ ಕಟ್ಟಿಹಾಕಿದವರಿಗೆ ಉತ್ತರ ಕೊಟ್ಟುದು ನೆನಪಿಗೆ ಬರುತ್ತದೆ. ಆದರೂ ಜನ ನರಸಿಂಹಸ್ವಾಮಿಯವರನ್ನು ಮಲ್ಲಿಗೆಯ ಕವಿಯೆಂದೇ ಕರೆದರು. ಹೊಲದಿಲಿಗಳನ್ನು ಎಳಸು ಹಾಡಿನವರೆಂದೇ ಕರೆದರು. ಮೊದಲ ಹೆಸರು ಬಿಡುವುದು ಕಷ್ಟ. ಬರಿದಾದ ಮನೆಗೂ ಎಮ್ಮಳ ಹೆಸರು ಅಂಟಿಕೊಂಡಂತೆಯೇ.

ದೋಷಗಳನ್ನು ಮರೆಮಾಡುವುದು ಅಭಿಮಾನವಲ್ಲ. ಇವರ ಹಾಡುಗಳನ್ನು ಒಂದೇ ಬಾರಿಗೆ ಹತ್ತು ಹನ್ನೆರಡು ಕೇಳಿದರೆ ಬೇಸರ ಬರುತ್ತದೆ. ಪ್ರಿಯೆ ಬಂದಳು, ಪ್ರಿಯೆ ಹೋದಳು ಎಂಬ ಎರಡು ಸುದ್ದಿಗಳ ನಡುವೆ ಅನೇಕ ಹಾಡುಗಳು ಓಲಾಡುತ್ತವೆ. ಕೆಲವು ಕಡೆ ಸಾಹಿತ್ಯ ದಿನಚರಿಯ ಪುಟದಿಂದ ನೇರವಾಗಿ ಹರಿದುಕೊಂಡು ಬಂದಂತಿದೆ. ಬರೆದವನಿಗೆ ಮುಖ್ಯವಾದುದೆಲ್ಲ ಕೇಳುವವನಿಗೂ ಮುಖ್ಯವೆಂಬ ಭ್ರಮೆ ಅಲ್ಲಿದೆ. ‘ಸ್ಕೈರೈಟಿಂಗ್’ನ ಕೊನೆಯ ‘ಹಂಬಲ್‌ಬೀ’ ಹಾಡಿಗಿಂತ ಪ್ರಯೋಗವೇ ಹೆಚ್ಚಾಗಿ, ತಾಳ್ಮೆಯನ್ನು ಪರೀಕ್ಷಿಸುತ್ತದೆ. ನರಸಿಂಹಸ್ವಾಮಿಯವರ ಕವಿತೆಗಳಲ್ಲಿ ಹೆಂಡತಿ ತವರಿಗೆ ಹೋದ ಸಂಕಟದ ಸುತ್ತ ಮಾವ, ಅತ್ತೆ, ಊರು, ರೈಲು, ಬಳೆಗಾರ ಎಲ್ಲರೂ ಇದ್ದಾರೆ. ರ‍್ಯಾಟನ್ನನ ಪ್ರೇಮಿಗಳ ಸುತ್ತ ಯಾರೂ ಇಲ್ಲ; ಇಬ್ಬರು, ಒಂದು ಕೋಣೆ, ಹೆಚ್ಚೆಂದರೆ ಒಂದು ಬಸ್ ನಿಲ್ದಾಣ. ಇದು ಆ ನಗರದ ಬದುಕಿನ ಕೊರತೆಯೋ ಹಾಡಿನ ಕೊರತೆಯೋ ಎಂದು ಬೇರ್ಪಡಿಸುವುದು ಕಷ್ಟ, ಕೊರತೆಯಂತೂ ಹೌದು. ಬಳೆಗಾರನನ್ನು ಬಲ್ಲ ಕಿವಿಗೆ ಅದು ತಿಳಿಯದೆ ಹೋಗುವುದಿಲ್ಲ.

1991ರಲ್ಲಿ ಅವರು ಹೊರತಂದ ಪೂರ್ಣ ಪ್ರಮಾಣದ ಧ್ವನಿಮುದ್ರಿಕೆಯ ಹೆಸರು ‘ಫಾರ್ ಕೀಪ್ಸ್’, ಎಂದರೆ ಎಂದೆಂದಿಗೂ ಇಟ್ಟುಕೊಳ್ಳಲು. ಅದೇ ವರ್ಷದ ನವೆಂಬರಿನಲ್ಲಿ, ಹಾಡಿನ ಪ್ರವಾಸದಲ್ಲಿರುವಾಗಲೇ, ತಂಡ ಮುರಿದುಬಿತ್ತು. ತಂಡ ಒಡೆಯುವುದು ಹಾಡಿನ ಲೋಕದಲ್ಲಿ ಹೊಸ ಸಂಗತಿಯಲ್ಲ. ನಮ್ಮಲ್ಲಿಯೂ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಪಿಟೀಲು ವಿದ್ವಾಂಸ ಎಚ್.ಎನ್. ಭಾಸ್ಕರರೊಡನೆ ಕಟ್ಟಿದ ‘ಅಂತರಾಗ್ನಿ’ ಒಡೆಯಿತು. ಅನಂತರ ದೀಕ್ಷಿತರು ತಮ್ಮ ಹೆಸರಿನದೇ ತಂಡವೊಂದನ್ನು ಕಟ್ಟಿ, 2008ರ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಡನೆ ಹೊಸ ತಲೆಮಾರಿಗೆ ಕೇಳಿಸಿದರು. ಭಾಸ್ಕರರು ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಹೆಸರಾದರು. ಒಬ್ಬೊಬ್ಬರಿಗೂ ಮುಂದಿನ ದಾರಿ ಸಿಕ್ಕುತ್ತದೆ. ಸಿಕ್ಕದೆ ಹೋಗುವುದು ಅವರು ಕೂಡಿದ್ದಾಗ ಹುಟ್ಟುತ್ತಿದ್ದ ಧ್ವನಿ. ರ‍್ಯಾಟನ್ ಕೂಡ ‘ನಾರ್ದರ್ನ್ ಪಿಕ್ಚರ್ ಲೈಬ್ರರಿ’, ‘ಟ್ರೆಂಬ್ಲಿಂಗ್ ಬ್ಲೂ ಸ್ಟಾರ್ಸ್’ ಎಂಬ ಹೆಸರುಗಳಲ್ಲಿ ಬಹಳ ಕಾಲ ಹಾಡಿದ. ಅವುಗಳಲ್ಲಿ ನುರಿತ ಕೈ ಕಾಣುತ್ತದೆ. ಹಿಸ್ಕಾಕನ ಮಂದ್ರಸ್ವರ ಅಡಿಯಲ್ಲಿ ನಡೆದು ಬರುತ್ತಿದ್ದಾಗ ಆ ಕಂಠಕ್ಕಿದ್ದ ನೆಮ್ಮದಿ ಮಾತ್ರ ನನ್ನ ಕಿವಿಗೆ ಮತ್ತೆ ಸಿಕ್ಕಿಲ್ಲ.

ತಂಡ ಒಡೆದುದು ದುಡುಕಿನಲ್ಲಿ. ಅವರ ಪ್ರಕಾಶಕರು ಅಂಗಡಿ ಮುಚ್ಚಿದ್ದು ಯೋಚಿಸಿ. ನೂರನೆಯ ಸಂಖ್ಯೆಯ ಪ್ರಕಟಣೆ 1995ರ ಆಗಸ್ಟಿನಲ್ಲಿ ಹೊರಬಂದ ಕೂಡಲೇ ಸಾರಾ ಸಂಸ್ಥೆಯವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ನಮ್ಮ ಕೆಲಸ ಮುಗಿಯಿತೆಂದು ಸಾರಿ ನಿಲ್ಲಿಸಿಬಿಟ್ಟರು. ಸಾಲ ಹೆಚ್ಚಿ ದಿವಾಳಿಯೆದ್ದು ಮುಚ್ಚಿದ್ದಲ್ಲ, ಮುಗಿಸಬೇಕೆಂದು ಮುಗಿಸಿದ್ದು. ಶ್ರೀನಿವಾಸಪುರದ ಮಾವಿಗೆ ಒಂದು ಕಾಲವಿದೆ. ಆ ಕಾಲ ಮುಗಿದ ಮೇಲೂ ಹಣ್ಣು ಬೇಕೆಂದು ಹಟ ಹಿಡಿದವನಿಗೆ ರಸದ ಸೀಸೆ ಸಿಕ್ಕೀತು, ಹಣ್ಣು ಸಿಕ್ಕುವುದಿಲ್ಲ. ತನ್ನ ಕಾಲವನ್ನು ತಾನೇ ತಿಳಿದು ನಿಲ್ಲಿಸುವ ವಿವೇಕ ಕಲೆಯ ಲೋಕದಲ್ಲಿ ಅಪರೂಪ. ನಮ್ಮ ಕಿರುಪತ್ರಿಕೆಗಳಲ್ಲಿ ಕೆಲವು ಹೀಗೆ ಗೌರವದಿಂದ ನಿಂತವು; ಹಲವು ನಿಲ್ಲಲಾರದೆ ನಡೆದು ತಮ್ಮ ಹಳೆಯ ಸಂಚಿಕೆಗಳಿಗೇ ಅವಮಾನ ಮಾಡಿದವು.

ತಂಡ ಒಡೆದ ಏಳು ವರ್ಷಗಳ ಮೇಲೆ, 1998ರಲ್ಲಿ, ಅವರ ಹಾಡುಗಳ ಜೋಡಿ ಸಂಕಲನವೊಂದು ಬಂದು, ಆ ಮೂರು ವರ್ಷಗಳಲ್ಲಿ ಹುಟ್ಟಿಯೂ ಇರದಿದ್ದ, ಅಥವಾ ಎಳೆಯ ಮಕ್ಕಳಾಗಿದ್ದ ಅನೇಕರನ್ನು ಕಾಲಕ್ರಮದಲ್ಲಿ ಮುಟ್ಟಿತು. ಸಾರಾ ಸಂಸ್ಥೆಯನ್ನು ಕುರಿತು 2014ರಲ್ಲಿ ಸಾಕ್ಷ್ಯಚಿತ್ರವೂ 2015ರಲ್ಲಿ ಪುಸ್ತಕವೂ ಬಂದವು. ಹೀಗೆ ಅಪಹಾಸ್ಯಕ್ಕೊಳಗಾದದ್ದು ಗೌರವಕ್ಕೆ ಪಾತ್ರವಾಯಿತು. ಈ ಗೌರವದಲ್ಲಿಯೂ ಒಂದು ಅಪಾಯವಿದೆ. ಇಲ್ಲದುದನ್ನು ಪ್ರೀತಿಸುವುದು ಸುಲಭ. ಒಡೆದ ತಂಡ ಇನ್ನು ಮುಂದೆ ಕೆಟ್ಟ ಹಾಡನ್ನು ಹಾಡಲಾರದು. ಆದುದರಿಂದ ಅಭಿಮಾನಿಯಾದವನು ತನ್ನ ಪ್ರೀತಿ ಹಾಡಿನ ಮೇಲ್ಹಾದಿದೆಯೋ ತನ್ನ ಕಳೆದುಹೋದ ಪ್ರಾಯದ ಮೇಲಿದೆಯೋ ಎಂದು ಆಗಾಗ ಪರೀಕ್ಷಿಸಿಕೊಳ್ಳಬೇಕು. ಹಾಡಿನ ಹಿನ್ನೆಲೆಯನ್ನು ಅರಿಯದ ತರುಣನೊಬ್ಬನಿಗೆ ಕೇಳಿಸಿ ನೋಡುವುದು ಒಳ್ಳೆಯ ಪರೀಕ್ಷೆ. ‘ಸೆನ್ಸಿಟಿವ್’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ‘ಎಮ್ಮಳ ಮನೆ’ ಗೆಲ್ಲುತ್ತದೆ. ‘ಮಿಸ್ಸಿಂಗ್ ದ ಮೂನ್’ ಖಂಡಿತ ಗೆಲ್ಲುತ್ತದೆ. ಉಳಿದವುಗಳಲ್ಲಿ ಅರ್ಧದಷ್ಟು ನನ್ನಂಥವರಿಗಾಗಿಯೇ ಉಳಿದಾವು. ಮೂರು ವರ್ಷದ ಬಾಳಿಗೆ ಇದು ಕಡಿಮೆಯ ಗಳಿಕೆಯಲ್ಲ.

ಈಗ ಮೊದಲ ಪ್ರಶ್ನೆಗೆ ಮರಳಬಹುದು. ಮೃದುವಾದದ್ದು ದುರ್ಬಲವೆ? ಕೆಲವೊಮ್ಮೆ ಹೌದು, ಹೊಲದಿಲಿಗಳ ಹಾಡುಗಳಲ್ಲಿಯೇ ಅದಕ್ಕೆ ಸಾಕ್ಷಿಯಿದೆ. ಆದರೆ ಗಟ್ಟಿಯಾದದ್ದೂ ಕೆಲವೊಮ್ಮೆ ದುರ್ಬಲವೇ. ದನಿಯ ಎತ್ತರದಿಂದ ಹಾಡಿನ ಬಲವನ್ನು ಅಳೆಯಲಾಗದು. ಆ ದನಿ ಯಾವುದನ್ನು ಹೊತ್ತು ನಿಂತಿದೆ ಎಂಬುದನ್ನು ನೋಡಬೇಕು. ಮನೆಯ ಮಕ್ಕಳು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಏನನ್ನೋ ಕೇಳುತ್ತ ಕುಳಿತಿದ್ದಾರೆಂದು ಬೇಸರಪಡುವ ಹಿರಿಯರು ಒಮ್ಮೆ ಅದೇನೆಂದು ಕೇಳಿ ಪಡೆದು ಕಿವಿಗೊಡಲಿ. ಅದು ಗದ್ದಲವೇ ಆಗಿರಬಹುದು. ಪಕ್ಕದ ಕೋಣೆಯವರಿಗೆ ಎಚ್ಚರವಾದೀತೆಂದು ಅಂಜಿ ಹಾಡಿದ ಒಂದು ಸಣ್ಣ ದನಿಯೂ ಆಗಿರಬಹುದು. ಹಾಗಿದ್ದಲ್ಲಿ, ಮಕ್ಕಳು ಒಳ್ಳೆಯ ಜೊತೆಯಲ್ಲಿದ್ದಾರೆಂದು ತಿಳಿದು ಸಮಾಧಾನಪಡಬಹುದು.